ಕಪಿಲಾ-ಕಾವೇರೀ ತೀರದ ಶರತ್ಕಾಲಯಾತ್ರೆಗಳು

ವಸಂತವನ್ನು ಋತುರಾಜನೆಂದು ಕವಿಗಳು ಕೊಂಡಾಡಿರುವರಾದರೂ, ಮನುಷ್ಯನ ಆಯುಷ್ಯವನ್ನು ಎಣಿಸುವಲ್ಲಿ ವೇದಕಾಲದ ಋಷಿಗಳು ಹಿಡಿದ ಅಳತೆ ಶರದೃತುವಿನದು. ಎಷ್ಟು ಶರತ್ತುಗಳನ್ನು ಕಂಡನೋ ಅಷ್ಟು ವರ್ಷ ಒಬ್ಬನು ಬಾಳಿದಂತೆ. ಮಳೆಗಾಲದ ಜ್ವರ, ಪ್ರವಾಹ, ಕಣಜದ ಬರಿದು ಇವುಗಳನ್ನು ದಾಟಿ ತಿಳಿಯಾದ ಆಕಾಶವನ್ನು ಕಂಡವನು ಇನ್ನೊಂದು ವರ್ಷವನ್ನು ಗೆದ್ದನೆಂಬ ಅನುಭವವು ಆ ಎಣಿಕೆಯ ಹಿಂದೆ ಇದ್ದಿರಬೇಕು. ಆ ಗೆಲುವಿನ ಸಂತೋಷವನ್ನು ಮನೆಯೊಳಗೇ ಇಟ್ಟುಕೊಳ್ಳದೆ, ಹೆಂಡಿರು ಮಕ್ಕಳು ನೆರೆಹೊರೆಯವರೊಡನೆ ಊರು ಬಿಟ್ಟು ಹೊರಟು, ನದೀತೀರದಲ್ಲಿಯೋ ಬೆಟ್ಟದ ಮೇಲೆಯೋ ಹಂಚಿಕೊಂಡು ಬರುವ ರೂಢಿಯು ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಹಾಲಯ ಅಮಾವಾಸ್ಯೆಯಿಂದ ಕಾರ್ತಿಕದ ಕಡೆಯ ಸೋಮವಾರದವರೆಗಿನ ಈ ಯಾತ್ರೆಗಳು ಈ ಕಾಲದಲ್ಲಿಯೇ ಏಕೆ ಏರ್ಪಟ್ಟುವು, ಯಾವ ಆಸರೆಯಿಂದ ಉಳಿದುಬಂದುವು, ಅವುಗಳಲ್ಲಿ ಯಾರು ಸೇರಿದರು, ಯಾರು ಹೊರಗುಳಿದರು ಎಂಬುದನ್ನು ಸದ್ಭಕ್ತರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲದ ವಿಚಾರ. ಕಪಿಲೆಯು ನಮ್ಮ ಸೀಮೆಯ ಮಳೆಯಿಂದ ತುಂಬುವ ಹೊಳೆಯಲ್ಲ. ಅದರ ನೀರು ವಯನಾಡಿನ ಮಲೆಗಳದು. ಆಷಾಢ ಶ್ರಾವಣಗಳಲ್ಲಿ ಅಲ್ಲಿ ಮಳೆ ಸುರಿದಾಗ ಇಲ್ಲಿ ಬಿಸಿಲಿದ್ದರೂ ಹೊಳೆಯು ಉಕ್ಕಿ ಬರುತ್ತದೆ. ಹೆಗ್ಗಡದೇವನಕೋಟೆಯ ಕಬಿನಿ ಅಣೆಕಟ್ಟು ೧೯೭೪ರಲ್ಲಿ ಮುಗಿದ ಮೇಲೂ ಈ ಸ್ವಭಾವವು ಪೂರ್ತಿಯಾಗಿ ಅಡಗಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ನೀರು ಮಲ್ಲನಮೂಲೆಯ ಬಳಿ ಹೆದ್ದಾರಿಯನ್ನು ಮುಚ್ಚಿ, ನಂಜನಗೂಡಿಗೂ ಮೈಸೂರಿಗೂ ನೇರ ಸಂಚಾರ ನಿಂತುದು ಎಲ್ಲರ ನೆನಪಿನಲ್ಲಿದೆ. ನಂಜನಗೂಡಿನ ಸ್ನಾನಘಟ್ಟದ ಹದಿನಾರು ಕಾಲು ಮಂಟಪವೇ ಊರಿನವರಿಗೆ ಹೊಳೆಯ ಅಳತೆಗೋಲು. ಮಂಟಪವು ಮುಳುಗಿದರೆ ಯಾತ್ರೆಯ ಮಾತಿಲ್ಲ. ಅದರ ಬುಡ ಕಂಡು ನೀರಿನ ಕೆಂಪು ಇಳಿದು ತಿಳಿಯಾದರೆ ಶರತ್ಕಾಲ ಬಂದಿತೆಂದು ಅರ್ಥ. ಪಂಚಾಂಗವನ್ನು ನೋಡಲಾರದವರೂ ಓದಬಲ್ಲ ಪಂಚಾಂಗವಿದು.

ಆದರೆ ಶರತ್ತೆಂದರೆ ಮಳೆ ನಿಂತ ಕಾಲವೆಂದು ಸಂಸ್ಕೃತಕಾವ್ಯಗಳನ್ನು ಓದಿದವರು ತಿಳಿಯುವುದು ಈ ಸೀಮೆಗೆ ಪೂರ್ತಿಯಾಗಿ ಹೊಂದುವುದಿಲ್ಲ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳು ನಮಗೆ ಮಳೆಯ ನಕ್ಷತ್ರಗಳೇ. ಮೈಸೂರು ಪ್ರಾಂತದಲ್ಲಿ ಅಕ್ಟೋಬರ್ ಮಾಸವು ವರ್ಷದಲ್ಲಿ ಹೆಚ್ಚಿನ ಮಳೆ ಬೀಳುವ ಮಾಸಗಳಲ್ಲಿ ಒಂದು. ಆ ಮಳೆಯಾದರೂ ಹಗಲೆಲ್ಲ ಹಿಡಿದು ಕೂರುವ ಸೋನೆಯಲ್ಲ. ಬೆಳಗು ನಿರ್ಮಲವಾಗಿದ್ದು, ಇಳಿಹೊತ್ತಿಗೆ ಮೋಡ ಕವಿದು, ಗುಡುಗಿನೊಡನೆ ಸುರಿದುಹೋಗುವ ಮಳೆ. ಆದಕಾರಣ ಈ ಕಾಲದ ಯಾತ್ರಿಕರು ಕೋಳಿ ಕೂಗುವ ಹೊತ್ತಿಗೆ ಹೊರಟು, ಹೊತ್ತು ಮುಳುಗುವುದರೊಳಗೆ ಒಂದು ಮಾಡಿನ ಕೆಳಗೆ ಸೇರಬೇಕಾಗುತ್ತಿತ್ತು. ಈ ಒಂದು ಅಗತ್ಯವನ್ನು ನೆನಪಿನಲ್ಲಿಟ್ಟರೆ, ನಮ್ಮ ದಾರಿಗಳ ಮಗ್ಗುಲಲ್ಲಿ ಮಂಟಪ, ಛತ್ರ, ಮಠಗಳು ಏಕೆ ಎದ್ದುವೆಂಬುದು ತಾನಾಗಿ ತಿಳಿಯುತ್ತದೆ.

ಬೇಸಾಯದ ಕ್ರಮವೂ ಇದಕ್ಕೆ ಅನುಕೂಲವಾಗಿಯೇ ಇತ್ತು. ಹೊಲದಲ್ಲಿ ರಾಗಿಯ ಕಳೆ ಮುಗಿದಿರುತ್ತದೆ. ಕೊಯ್ಲಿಗೆ ಇನ್ನೂ ದಿನವಿರುತ್ತದೆ. ಅಕ್ಕಡಿಸಾಲಿನ ಹುಚ್ಚೆಳ್ಳು ಹಳದಿಯ ಹೂ ಬಿಟ್ಟಿರುತ್ತದೆ. ಎತ್ತುಗಳಿಗೆ ಹಸುರು ಮೇವು ಹೇರಳ. ನೊಗದ ಕೆಲಸ ಕಡಮೆ. ರೈತನ ಮನೆಯಲ್ಲಿ ಗಾಡಿಯೂ ಎತ್ತೂ ಆಳೂ ಒಟ್ಟಿಗೆ ಬಿಡುವಾಗಿರುವ ದಿನಗಳು ವರ್ಷದಲ್ಲಿ ಬಹಳ ಇಲ್ಲ. ಮಹಾನವಮಿಯ ಆಯುಧಪೂಜೆಯು ಈ ಬಿಡುವಿಗೆ ಧರ್ಮದ ಮುದ್ರೆಯನ್ನೊತ್ತಿತು. ಆ ದಿನ ನೇಗಿಲು, ಕುಡುಗೋಲು, ಮಗ್ಗ, ತಿದಿ, ತಕ್ಕಡಿಗಳನ್ನು ತೊಳೆದು, ಹೂವೇರಿಸಿ, ಕೆಲಸಕ್ಕೆ ಹಚ್ಚದೆ ಇಡಬೇಕೆಂಬ ನಿಯಮದಿಂದ ಆಯುಧಕ್ಕೆ ವಿಶ್ರಾಂತಿ ದೊರೆತಂತೆ ಅದನ್ನು ಹಿಡಿಯುವ ಕೈಗೂ ದೊರೆಯಿತು. ಒಡೆಯನ ಅಪ್ಪಣೆಗೆ ಕಾಯದೆ ಜೀತಗಾರನೂ ಬಿಡುವು ಪಡೆಯುತ್ತಿದ್ದ ಹಬ್ಬವಿದೆಂಬುದು ಗಮನಿಸತಕ್ಕ ಅಂಶ.

ಈ ಋತುವಿನ ಆಚಾರಗಳಲ್ಲೆಲ್ಲ ಹರಿದಿರುವ ಭಾವ ಸೀಮೋಲ್ಲಂಘನದ್ದು. ಮಳೆಗಾಲದಲ್ಲಿ ಒಂದೆಡೆ ನಿಂತು ಚಾತುರ್ಮಾಸ್ಯವನ್ನು ಆಚರಿಸಿದ ಯತಿಗಳು ವ್ರತ ಮುಗಿದಮೇಲೆ ಊರ ಎಲ್ಲೆಯನ್ನು ದಾಟಿ ಮತ್ತೆ ಸಂಚಾರ ಹೊರಡುವರು. ಅರಸರು ವಿಜಯದಶಮಿಯಂದು ಬನ್ನಿಯನ್ನು ಪೂಜಿಸಿ ಎಲ್ಲೆಯನ್ನು ದಾಟುವರು. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ದಿಗ್ವಿಜಯವನ್ನು ಶರತ್ತಿನಲ್ಲಿಯೇ ಆರಂಭಿಸಿರುವುದು ಇದೇ ಕಾರಣದಿಂದ. ವಿಜಯನಗರದ ಮಹಾನವಮಿಯ ವೈಭವವನ್ನು ೧೪೪೩ರಲ್ಲಿ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನೂ, ಸುಮಾರು ೧೫೨೦ರಲ್ಲಿ ಪೋರ್ಚುಗೀಸರ ಡೊಮಿಂಗೋ ಪಾಯಸನೂ ಕಂಡು ಬರೆದಿಟ್ಟಿದ್ದಾರೆ. ಆ ಸಂಪ್ರದಾಯವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ೧೭೯೯ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಮೈಸೂರಿನಲ್ಲಿ ನೆಲೆಗೊಂಡಿತು. ಅರಸನಿಗೆ ದಂಡಯಾತ್ರೆಯಾಗಿದ್ದುದು ಪ್ರಜೆಗೆ ಹಬ್ಬದ ಯಾತ್ರೆಯಾಯಿತು. ದಂಡಯಾತ್ರೆಗಳು ನಿಂತುಹೋಗಿ ಬಹುಕಾಲವಾಯಿತು. ಪ್ರಜೆಯ ಯಾತ್ರೆಯೋ ಇಂದಿಗೂ ನಿಂತಿಲ್ಲ.

ನಮ್ಮ ಎರಡು ತಾಲ್ಲೂಕುಗಳ ಹಳ್ಳಿಗರಿಗೆ ದಸರೆಯ ಜಂಬೂಸವಾರಿಯನ್ನು ನೋಡುವುದು ಬಾಳಿನಲ್ಲಿ ಒಮ್ಮೆಯಾದರೂ ತೀರಬೇಕಾದ ಬಯಕೆಯಾಗಿತ್ತು. ಕಮಾನು ಕಟ್ಟಿದ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನೆ ಹರಡಿ, ಮುದುಕರನ್ನೂ ಮಕ್ಕಳನ್ನೂ ಕೂರಿಸಿ, ಗಟ್ಟಿಮುಟ್ಟಾದವರು ಗಾಡಿಯ ಹಿಂದೆ ನಡೆಯುವರು. ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಹುಳಿಯನ್ನ, ಮೊಸರನ್ನಗಳ ಬುತ್ತಿ ಗಾಡಿಯೊಳಗೆ. ಎತ್ತಿನ ಮೇವು ಗಾಡಿಯ ಕೆಳಗೆ. ಒಂಟಿಗಾಡಿ ಹೊರಡುವ ವಾಡಿಕೆಯಿರಲಿಲ್ಲ. ದಾರಿಯಲ್ಲಿ ಅಚ್ಚು ಮುರಿದರೆ, ಹಳ್ಳ ಬಂದರೆ, ಕೂಸಿಗೆ ಜ್ವರ ಬಂದರೆ ನೆರವಿಗೆ ಇನ್ನೊಂದು ಗಾಡಿ ಬೇಕು. ಒಂದು ಬೀದಿಯ ಗಾಡಿಗಳೆಲ್ಲ ಒಟ್ಟಿಗೆ ಸಾಲುಹಿಡಿದು ಹೊರಡುವುದು ಸಡಗರಕ್ಕೆ ಎಷ್ಟೋ ಅಷ್ಟೇ ಕ್ಷೇಮಕ್ಕೂ ಆಗಿತ್ತು. ೧೯೭೧ರಲ್ಲಿ ರಾಜಮನ್ನಣೆಗಳು ರದ್ದಾದವು. ಹಿಂದೆ ಅರಸರು ಕುಳಿತು ಬರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿಯು ಬಿಜಯಮಾಡುತ್ತದೆ. ನೋಡಬರುವ ಹಳ್ಳಿಯ ಜನ ಮಾತ್ರ ಅವರೇ.

ದಾರಿಯ ಇತಿಹಾಸವನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ನಂಜನಗೂಡಿನ ಬಳಿ ಕಪಿಲೆಗೆ ದಳವಾಯಿ ದೇವರಾಜಯ್ಯನವರು ೧೭೩೫ರಲ್ಲಿ ಕಟ್ಟಿಸಿದರೆಂಬ ಸೇತುವೆ ಇಂದಿಗೂ ನಿಂತಿದೆ. ಬೆಂಗಳೂರಿನಿಂದ ಮೈಸೂರಿಗೆ ೧೮೮೨ರಲ್ಲಿ ಬಂದ ರೈಲು ೧೮೯೧ರಲ್ಲಿ ನಂಜನಗೂಡನ್ನು ಮುಟ್ಟಿತು; ಗಾಡಿಗೆಂದು ಕಟ್ಟಿದ ಆ ಸೇತುವೆಯೇ ಮುಂದೆ ಉಗಿಬಂಡಿಯನ್ನೂ ಹೊತ್ತಿತು. ಹಳಿಯನ್ನು ಅಗಲಮಾಡಿದ ಮೇಲೆ ಹೊಸ ಸೇತುವೆಗೆ ಆ ಕೆಲಸ ಹೋಯಿತು. ಹಳೆಯದು ಪಾರಂಪರಿಕ ಕಟ್ಟಡವಾಗಿ ಉಳಿದಿದೆ. ಒಂದು ಹಗಲಿನ ಗಾಡಿಯ ಪಯಣವು ರೈಲಿನಿಂದ ಒಂದೆರಡು ಗಳಿಗೆಗೆ ಇಳಿದುದರಿಂದ ಮೈಸೂರಿನ ಗೃಹಸ್ಥರೂ ಕಾರ್ತಿಕದ ಸೋಮವಾರಗಳಲ್ಲಿ ನಂಜುಂಡನ ದರ್ಶನಕ್ಕೆ ಬಂದು ಸಂಜೆಗೆ ಹಿಂತಿರುಗುವುದು ಸಾಧ್ಯವಾಯಿತು. ನರಸೀಪುರಕ್ಕೆ ರೈಲು ಬರಲೇ ಇಲ್ಲ. ಅಲ್ಲಿಯ ಯಾತ್ರೆಯು ಮೋಟಾರು ಬರುವವರೆಗೂ ಗಾಡಿ, ಕಾಲುನಡಿಗೆ, ಹರಿಗೋಲುಗಳದ್ದೇ.

ನಂಜನಗೂಡಿನ ದೊಡ್ಡ ಜಾತ್ರೆಯು ಐದು ತೇರುಗಳ ಮಹೋತ್ಸವ. ಅದು ಬೇಸಗೆಯ ಮೊದಲಲ್ಲಿ ನಡೆಯತಕ್ಕದ್ದು. ಕಾರ್ತಿಕದ ಸುಮಾರಿನಲ್ಲಿ ಬರುವುದು ಚಿಕ್ಕ ಜಾತ್ರೆ. ಹೆಸರಿಗೆ ಚಿಕ್ಕದಾದರೂ ಸಂಸಾರವಂದಿಗರಿಗೆ ಹೆಚ್ಚು ಒಗ್ಗುವುದು ಇದೇ. ನೂಕುನುಗ್ಗಲು ಕಡಮೆ, ಬಿಸಿಲಿನ ಬೇಗೆಯಿಲ್ಲ, ಹೊಳೆಯಲ್ಲಿ ನೀರಿದೆ. ಕಪಿಲೆಯೂ ಕೌಂಡಿನ್ಯೆಯೂ ಕೂಡುವಲ್ಲಿ ಸ್ನಾನ ಮಾಡಿ, ಪರಶುರಾಮ ದೇಗುಲವನ್ನು ನೋಡಿ, ಶ್ರೀಕಂಠೇಶ್ವರನಿಗೆ ಮುಡಿಯನ್ನೋ ಉರುಳುಸೇವೆಯನ್ನೋ ಒಪ್ಪಿಸಿ, ಏಳು ನೆಲೆಯ ಗೋಪುರದ ನೆರಳಿನಲ್ಲಿ ಕುಳಿತು, ರಸಬಾಳೆಯ ಚಿಪ್ಪನ್ನು ಕೊಂಡು ಮನೆಗೆ ಮರಳುವುದು ಅನೇಕ ತಲೆಮಾರುಗಳ ನಡೆ. ಆನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಈ ದೇವರನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂಬ ಐತಿಹ್ಯವನ್ನು ಇಲ್ಲಿ ಹಿರಿಯರು ಮಕ್ಕಳಿಗೆ ಹೇಳದೆ ಬಿಡುವುದಿಲ್ಲ. ಕ್ಷೇತ್ರದ ಬಾಗಿಲು ಒಂದೇ ಮತದವರಿಗೆ ಸೇರಿದ್ದಲ್ಲವೆಂಬ ಪಾಠವು ಆ ಕಥೆಯೊಡನೆಯೇ ಮಕ್ಕಳ ಮನಸ್ಸಿಗೆ ಇಳಿಯುತ್ತದೆ.

ಕಪಿಲೆಯು ನಂಜನಗೂಡಿನಿಂದ ಸುತ್ತೂರನ್ನು ಬಳಸಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಗುಪ್ತವಾದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿಯೆಂದು ಎಣಿಸುವರು. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಎದುರುದಡದಲ್ಲಿ ಅಗಸ್ತ್ಯೇಶ್ವರ. ಈ ಸಂಗಮದ ಬಳಿ ೧೯೫೯ರಿಂದ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ನೆಲೆ ಹೊರಬಿದ್ದಿತು. ದೇವಾಲಯಗಳು ಏಳುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಜನರು ಎರಡು ಹೊಳೆಗಳ ನಡುವೆ ಕೂಡಿ ಬಾಳಿದರೆಂದಾಯಿತು. ಅಕ್ಟೋಬರ್ ೧೭ರ ಸುಮಾರಿನ ತುಲಾಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುತ್ತದಷ್ಟೆ. ಅಲ್ಲಿಯವರೆಗೆ ಹೋಗಲಾರದವರಿಗೆ ಆ ತಿಂಗಳೆಲ್ಲ ಈ ಸಂಗಮವೇ ತಲಕಾವೇರಿ. ದಡದಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಹರಿಗೋಲಿನಲ್ಲಿ ಆಚೆಗೆ ಹೋಗಿ, ಎರಡೂ ಗುಡಿಗಳನ್ನು ಕಂಡು ಬರುವುದು ವಾಡಿಕೆ. ೧೯೮೯ರಲ್ಲಿ ಆರಂಭವಾದ ಇಲ್ಲಿಯ ಕುಂಭಮೇಳವು ಮಾಘದ ಕಾಲದ್ದಾದುದರಿಂದ ಅದರ ವಿಸ್ತಾರ ಇಲ್ಲಿ ಬೇಡ.

ಇದೇ ತಾಲ್ಲೂಕಿನ ತಲಕಾಡಿನ ಪಂಚಲಿಂಗದರ್ಶನವು ಅಪೂರ್ವವಾದ ಯೋಗ. ಕಾರ್ತಿಕದ ಕೊನೆಯಲ್ಲಿ ಸೂರ್ಯಚಂದ್ರರು ವೃಶ್ಚಿಕರಾಶಿಯಲ್ಲಿ ಕೂಡಿ ಸೋಮವಾರವೂ ಅಮಾವಾಸ್ಯೆಯೂ ಸೇರಿ ಬಂದಾಗ ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಐವರನ್ನೂ ಒಂದೇ ದಿನದಲ್ಲಿ ಕಾಣುವರು. ಈ ಶತಮಾನದಲ್ಲಿ ೨೦೦೬, ೨೦೦೯, ೨೦೧೩, ೨೦೨೦ ಈ ವರ್ಷಗಳಲ್ಲಿ ಆ ದರ್ಶನ ನಡೆಯಿತು. ೨೦೨೦ರ ಡಿಸೆಂಬರಿನಲ್ಲಿ ಕೊರೋನಾ ವ್ಯಾಧಿಯ ಕಾರಣ ಜನಸಂಖ್ಯೆಗೆ ನಿರ್ಬಂಧವಿತ್ತು. ಮರಳಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಡೆಯುವ ಸಾಲುಗಳಿಲ್ಲದೆ, ಪೂಜೆ ನಡೆದರೂ ಯಾತ್ರೆ ನಡೆದಂತಾಗಲಿಲ್ಲ. ದೇವರು ಅಲ್ಲಿಯೇ ಇದ್ದನು, ಜನ ಕೂಡಲಿಲ್ಲ. ಯಾತ್ರೆಯ ಅರ್ಧ ಬೆಲೆ ಯಾವುದರಲ್ಲಿದೆಯೆಂಬುದು ಆ ವರ್ಷ ಎಲ್ಲರಿಗೂ ತಿಳಿಯಿತು.

ಇನ್ನು ಮಾದಪ್ಪನ ಪರಸೆ. ಮಹಾಲಯ, ದಸರೆ, ದೀಪಾವಳಿ ಈ ಮೂರು ಪರ್ವಗಳಲ್ಲಿಯೂ ಮಲೆ ಮಹದೇಶ್ವರನ ಬೆಟ್ಟಕ್ಕೆ ನಮ್ಮ ಹಳ್ಳಿಗಳಿಂದ ಜನ ಸಾಗುತ್ತದೆ. ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಹಾದು ತಾಳಬೆಟ್ಟದಿಂದ ಮೇಲೇರುವ ದಾರಿಯನ್ನು ಇಂದಿಗೂ ಅನೇಕರು ಕಾಲಿನಿಂದಲೇ ಕ್ರಮಿಸುತ್ತಾರೆ. ಕಂಸಾಳೆಯ ಸದ್ದಿನೊಡನೆ ದೇವರಗುಡ್ಡರು ಕಥೆ ಹೇಳುತ್ತ ನಡೆದರೆ ಹಸುಳೆಗಳಿಗೂ ದಾರಿಯ ದೂರ ತಿಳಿಯುವುದಿಲ್ಲ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಕುಲದ ನೂರೊಂದು ಹೆಣ್ಣುಮಕ್ಕಳು ಹಾಲರವಿಯ ಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ತರುವರು. ಅಷ್ಟು ದೊಡ್ಡ ಕ್ಷೇತ್ರದ ದೇವರ ಅಭಿಷೇಕಕ್ಕೆ ಕಾಡಿನ ಕನ್ನೆಯರ ನೀರೇ ಬೇಕು. ಮಹದೇಶ್ವರನು ಸುತ್ತೂರಿನ ಮಠದಲ್ಲಿ ತಂಗಿದ್ದಾಗ ರಾಗಿ ಬೀಸುವ ಕಾಯಕವನ್ನು ಮಾಡಿದನೆಂದು ಜನಪದರು ಹಾಡಿಕೊಂಡು ಬಂದಿದ್ದಾರೆ. ಆ ಐತಿಹ್ಯದ ತಾತ್ಪರ್ಯ ಗಂಭೀರವಾದುದು. ಉಣ್ಣಲು ಬಂದ ಅತಿಥಿಯು ಬೀಸುಕಲ್ಲಿಗೂ ಕೈ ಹಾಕಿದನು, ಬೀಸುವವನೇ ದೇವರಾದನು.

ಈ ಯಾತ್ರೆಗಳೆಲ್ಲಕ್ಕೂ ಆಧಾರವಾದುದು ದಾಸೋಹ. ಕಾರ್ತಿಕವು ಸುಗ್ಗಿಗೆ ಮುಂಚಿನ ಕಾಲ. ಉಳ್ಳವರ ಕಣಜದಲ್ಲಿ ಹಳೆಯ ರಾಗಿ ಉಳಿದಿರಬಹುದು. ಕೂಲಿಯವನ ಮಡಕೆಯ ತಳ ಕಂಡಿರುತ್ತದೆ. ದಾರಿಯ ಎಡೆಯೆಡೆಯಲ್ಲಿ ಅನ್ನ ದೊರೆಯುವುದೆಂಬ ಭರವಸೆಯಿಲ್ಲದಿದ್ದರೆ ಅಂಥವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡಲಾರನು. ಮಠದ ಪಂಕ್ತಿ, ಛತ್ರದ ಜಗಲಿ, ಅರವಟ್ಟಿಗೆಯ ನೀರುಮಜ್ಜಿಗೆ ಇವು ಬಡವನ ಕೈಗೆ ಕೊಟ್ಟ ಯಾತ್ರೆಯ ವೆಚ್ಚವೆನ್ನಬೇಕು. ಕಾರ್ತಿಕದ ಮಳೆಯಲ್ಲಿ ನೆನೆದು ಬಂದವರಿಗೆ ಮಾಡು ಕೊಟ್ಟು, ಒಣಗಿದ ಬಟ್ಟೆ ಕೊಟ್ಟು, ಬಿಸಿಯಾದ ಮುದ್ದೆ ಬಡಿಸಿದ ಊರುಗಳ ಹೆಸರನ್ನು ಶಾಸನಗಳು ಹೇಳವು. ಅವರಿಲ್ಲದೆ ಮಾತ್ರ ಯಾವ ಕ್ಷೇತ್ರವೂ ಕ್ಷೇತ್ರವಾಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದ ಶರಣರು ತೀರ್ಥಸ್ನಾನಮಾತ್ರದಿಂದ ಪಾಪ ತೊಳೆಯುವುದೆಂಬುದನ್ನು ಒಪ್ಪಲಿಲ್ಲ. ಅಂಗದ ಮೇಲಿನ ಲಿಂಗವನ್ನು ಬಿಟ್ಟು ಅಲೆಯುವುದನ್ನು ಖಂಡಿಸಿದರು. ಹಾಗಿರುವಲ್ಲಿ ಭಕ್ತರಿಗೆ ಈ ಯಾತ್ರೆಗಳೇಕೆ? ಶರಣರು ನಿರಾಕರಿಸಿದುದು ನೀರಿಗೆ ಕಟ್ಟಿದ ಫಲದ ಬೆಲೆಯನ್ನು. ಕೂಡಿ ನಡೆಯುವುದನ್ನು ಅವರು ನಿರಾಕರಿಸಲಿಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದನೆಂದೂ, ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದಳೆಂದೂ ಸಂಪ್ರದಾಯವು ಹೇಳುತ್ತದೆ. ಅವರು ಅರಸಿ ಹೊರಟುದು ಸತ್ಸಂಗವನ್ನು. ಹೊಳೆಯ ದಡಕ್ಕೆ ಹೋದ ಭಕ್ತನು ಅಲ್ಲಿ ಹಸಿದವನಿಗೆ ಬುತ್ತಿಯನ್ನು ಬಿಚ್ಚಿದರೆ ಶರಣರ ಮಾತು ನಡೆದಂತೆ. ಬರಿದೆ ಮುಳುಗಿ ಎದ್ದು ಬಂದರೆ ಮೈ ತೊಳೆದಂತೆ ಮಾತ್ರ.

ಇತಿಹಾಸವನ್ನು ಬರೆಯುವವನು ಹಬ್ಬದ ಬೆಳಕನ್ನು ಹೇಳಿ ನೆರಳನ್ನು ಮುಚ್ಚಬಾರದು. ಗಾಡಿಗಳ ಸಾಲಿನಲ್ಲಿ ಕೇರಿಯವರ ನಡಿಗೆ ಎಲ್ಲರಿಗಿಂತ ಹಿಂದೆ ಇತ್ತು. ಹೊಳೆಯಲ್ಲಿ ಅವರ ಮೆಟ್ಟಿಲು ಬೇರೆ, ಗುಡಿಯಲ್ಲಿ ಅವರ ದರ್ಶನ ಹೊರಗಿನಿಂದ. ದಾಸೋಹವೆಂದು ಹೆಸರಿಟ್ಟ ಎಡೆಗಳಲ್ಲಿಯೂ ಪಂಕ್ತಿಭೇದವಿದ್ದುದುಂಟು. ಗಾಂಧೀಜಿಯವರು ೧೯೩೪ರಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಮೈಸೂರು ಸೀಮೆಗೆ ಬಂದುದು, ನಂಜನಗೂಡು ತಾಲ್ಲೂಕಿನ ತಗಡೂರು, ಬದನವಾಳುಗಳಲ್ಲಿ ಖಾದಿಯ ಕೆಲಸ ಬೇರೂರಿದುದು, ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿದುದು ಇವೆಲ್ಲ ಈ ಯಾತ್ರೆಗಳ ಇತಿಹಾಸಕ್ಕೂ ಸೇರಿದ ಘಟನೆಗಳು. ಕಾಯಿದೆಯು ಬಾಗಿಲನ್ನು ತೆರೆಯಿತು. ಒಂದೇ ಎಲೆಯ ಸಾಲಿನಲ್ಲಿ ಕುಳಿತು ಉಣ್ಣುವುದು ಭಕ್ತರು ತಾವಾಗಿ ಮಾಡಬೇಕಾದ ಕೆಲಸ. ಅದು ಎಲ್ಲ ಊರುಗಳಲ್ಲಿಯೂ ಮುಗಿದಿದೆಯೆಂದು ಹೇಳಲಾಗದು.

ಹೆಂಗಸರ ವಿಷಯವನ್ನೂ ಮರೆಯಲಾಗದು. ವರ್ಷವೆಲ್ಲ ಒಲೆ, ಒರಳು, ಕೊಟ್ಟಿಗೆಗಳ ನಡುವೆ ಇದ್ದ ಸೊಸೆಗೆ ಅತ್ತೆಯ ಅಪ್ಪಣೆ ಸುಲಭವಾಗಿ ದೊರೆಯುತ್ತಿದ್ದುದು ದೇವರ ಹೆಸರಿನಲ್ಲಿ ಮಾತ್ರ. ಜಾತ್ರೆಯಲ್ಲಿ ಅವಳು ತವರಿನವರನ್ನು ಕಂಡಳು, ಮದುವೆಯಾಗಿ ದೂರಹೋದ ಗೆಳತಿಯನ್ನು ತಬ್ಬಿದಳು, ಬಳೆ ತೊಟ್ಟಳು, ಮನಸ್ಸಿನ ಭಾರವನ್ನು ಇಳಿಸಿ ಬಂದಳು. ಮಗಳು ಸುಖವಾಗಿರುವಳೋ ಇಲ್ಲವೋ ಎಂಬುದು ತಾಯಿಗೆ ಓಲೆಯಿಂದಲ್ಲ, ನಂಜನಗೂಡಿನ ಸ್ನಾನಘಟ್ಟದಲ್ಲಿ ಅವಳ ಮುಖದಿಂದಲೇ ತಿಳಿಯುತ್ತಿತ್ತು.

ಈಗ ದಾರಿಗಳು ಬೇರೆಯಾಗಿವೆ. ಮೈಸೂರಿನಿಂದ ನಂಜನಗೂಡಿಗೆ ಮೋಟಾರಿನಲ್ಲಿ ಒಂದು ಗಂಟೆಯೂ ಬೇಡ. ಮಹದೇಶ್ವರನ ಬೆಟ್ಟಕ್ಕೆ ಹೋಗಿ ಅಂದೇ ಹಿಂತಿರುಗಬಹುದು. ಇದು ಅನುಕೂಲವೇ ಸರಿ. ಗರ್ಭಿಣಿಗೂ ರೋಗಿಗೂ ದರ್ಶನ ಸುಲಭವಾಯಿತು. ಆದರೆ ಗಾಡಿಯ ಸಾಲು ಹೋದುದರೊಡನೆ ಬೀದಿಯೇ ಒಟ್ಟಾಗಿ ಹೊರಡುವ ರೂಢಿಯೂ ಸಡಿಲವಾಯಿತು. ಕಾರಿನಲ್ಲಿ ನಾಲ್ವರಿಗೋ ಐವರಿಗೋ ಸ್ಥಳ. ಆ ಲೆಕ್ಕದಲ್ಲಿ ಮೊದಲು ಉಳಿಯುವವಳು ಮನೆಯ ಅಜ್ಜಿ, ಆಮೇಲೆ ಪಕ್ಕದ ಮನೆಯ ಒಂಟಿ ಮುದುಕ. ಹಿಂದೆ ಅವರಿಬ್ಬರಿಗೇ ಗಾಡಿಯಲ್ಲಿ ಮೊದಲ ಜಾಗ ಸಲ್ಲುತ್ತಿತ್ತು. ಹೊಳೆಯೂ ನಮ್ಮ ಆತುರದ ಫಲವನ್ನು ಉಣ್ಣುತ್ತಿದೆ. ಉಟ್ಟ ಬಟ್ಟೆಯನ್ನು ಕಪಿಲೆಯಲ್ಲಿ ಬಿಟ್ಟರೆ ದೋಷ ಹರಿಯುವುದೆಂದು ನಂಬಿ ಬಿಟ್ಟ ರಾಶಿಗಳು, ಸೋಪಿನ ಹೊದಿಕೆಗಳು, ಪ್ಲಾಸ್ಟಿಕ್ ಎಲೆಗಳು ಘಟ್ಟದಲ್ಲಿ ಅಡರಿರುವುದನ್ನು ಎಲ್ಲರೂ ಕಂಡಿದ್ದೇವೆ. ತಿಳಿಯಾದ ನೀರು ಶರತ್ತಿನ ಗುರುತಾಗಿತ್ತೆಂಬುದನ್ನು ನೆನೆದರೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಆದುದರಿಂದ ಈ ಸ್ಮರಣಸಂಪುಟವನ್ನು ಓದುವ ಸದ್ಭಕ್ತರಲ್ಲಿ ಒಂದು ವಿಜ್ಞಾಪನೆ. ಮುಂದಿನ ಕಾರ್ತಿಕದಲ್ಲಿ ಹೊರಡುವಾಗ ತಮ್ಮ ಬೀದಿಯಲ್ಲಿ ತಾನಾಗಿ ಹೊರಡಲಾರದವರು ಯಾರಿರುವರೆಂದು ಒಮ್ಮೆ ವಿಚಾರಿಸಬೇಕು. ಹತ್ತು ಮನೆಯವರು ಕೂಡಿ ಒಂದು ಬಸ್ಸನ್ನು ಗೊತ್ತುಮಾಡಿದರೆ ವಿಧವೆಗೂ ಕೂಲಿಯವನಿಗೂ ತಂದೆಯಿಲ್ಲದ ಹುಡುಗನಿಗೂ ಜಾಗ ದೊರೆಯುತ್ತದೆ. ಬುತ್ತಿಯನ್ನು ತಮಗೆ ಬೇಕಾದುದಕ್ಕಿಂತ ಎರಡು ಮುಷ್ಟಿ ಹೆಚ್ಚಾಗಿ ಕಟ್ಟಬೇಕು. ದಾಸೋಹದಲ್ಲಿ ಉಂಡವರು ಒಂದು ಗಳಿಗೆಯಾದರೂ ಬಡಿಸಲು ನಿಲ್ಲಬೇಕು. ಹೊಳೆಗೆ ಹೂವಿನ ಹೊರತು ಬೇರೇನನ್ನೂ, ಆ ಹೂವನ್ನೂ ಮಿತವಾಗಿ, ಅರ್ಪಿಸಬೇಕು. ಸೀಮೋಲ್ಲಂಘನವೆಂದರೆ ಊರ ಎಲ್ಲೆಯನ್ನು ದಾಟುವುದು ಮಾತ್ರವಲ್ಲ. ತನ್ನ ಮನೆಯ, ತನ್ನ ಪಂಕ್ತಿಯ, ತನ್ನ ಕೇರಿಯ ಎಲ್ಲೆಯನ್ನು ದಾಟಿ ಇನ್ನೊಬ್ಬರನ್ನು ಕೂಡಿಕೊಂಡವನಿಗೆ ಆ ಶರತ್ತು ಆಯುಷ್ಯದ ಲೆಕ್ಕದಲ್ಲಿ ಸಾರ್ಥಕವಾಗಿ ಸೇರುತ್ತದೆ. ಕಪಿಲೆಯೂ ಕಾವೇರಿಯೂ ಕೂಡಿದ ಮೇಲೆ ಯಾವುದು ಯಾರ ನೀರೆಂದು ಬೇರ್ಪಡಿಸಲಾಗದಂತೆ, ಆ ದಡದಲ್ಲಿ ಕೂಡಿದ ಜನವೂ ಬೇರ್ಪಡದೆ ಬಾಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸಲಾಗಿದೆ.